ಡೀಸೆಲ್ ಕುಡಿದ ಮಣ್ಣಿಗೆ ಪ್ರೆಸ್‌ಮಡ್ ಹಾಕಿದ್ದು

ಅಡಿಕೆ ಸುಲಿಯುವ ಮಿಷನ್ ಪಕ್ಕ ಇಟ್ಟಿದ್ದ ಡೀಸೆಲ್ ಬ್ಯಾರಲ್ಲಿನ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿತ್ತು. ಬೆಳಗ್ಗೆ ನೋಡಿದರೆ ಸುಮಾರು 20 ಲೀಟರ್ ಮಣ್ಣುಪಾಲು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಬಾವಿ ಇರುವುದು ಅದರ ಕೆಳಗಿನ ಇಳಿಜಾರಲ್ಲೇ. "ಮಳೆ ಹಿಡಿಯೋದ್ರೊಳಗೆ ಏನಾದ್ರೂ ಮಾಡೋ ಮಾರಾಯ" ಅಂದಳು ಅಮ್ಮ.

ಆಗ ಜನವರಿ ಕೊನೆ. ವಾಸನೆ ನಿಲ್ಲುವವರೆಗೂ ಅಗೆದೆವು, ಒಂದೂವರೆ ಅಡಿ ಹೋಯಿತು. ತೆಗೆದ ಮಣ್ಣು 30 ಬುಟ್ಟಿ. ಬಾವಿಯಿಂದ ದೂರ ದಪ್ಪ ಟಾರ್ಪಾಲ್ ಹಾಸಿ ರಾಶಿ ಹಾಕಿದೆ. ಕೈಗೆ ಸಿಕ್ಕ ಅಡಿಕೆ ಸಿಪ್ಪೆ ಧಾರಾಳ ಬೆರೆಸಿದೆ. ತಿಂಗಳಾದರೂ ವಾಸನೆ ಕದಲಲಿಲ್ಲ.

ತಪ್ಪು ನನ್ನದೇ. ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾ ಮಣ್ಣಲ್ಲೇ ಇರುತ್ತವೆ. ದೆಹಲಿಯ ಟೆರಿ ಅನ್ನುವ ಸಂಶೋಧನಾ ಸಂಸ್ಥೆ ಆಯಿಲ್‌ಝಾಪರ್ ಅಂತ ಅಂಥವನ್ನೇ ಬೆಳೆಸಿ ಎಣ್ಣೆ ಕಂಪನಿಗಳಿಗೆ ಕೊಡುತ್ತದೆ. ಅಂಗಳದ ಕೆಲಸಕ್ಕೆ ಮಣ್ಣಿನವೇ ಸಾಕು. ಆದರೆ ಅವಕ್ಕೆ ಡೀಸೆಲ್ ಅಂದರೆ ಸಾರಿಲ್ಲದ ಅನ್ನ. ಇಂಗಾಲ ಬೇಕಾದಷ್ಟಿದೆ, ಸಾರಜನಕ ಇಲ್ಲ, ರಂಜಕ ಇಲ್ಲ. ಅದರ ಮೇಲೆ ನಾನು ಹಾಕಿದ ಸಿಪ್ಪೆಯೂ ಹೆಚ್ಚುಕಮ್ಮಿ ಇಂಗಾಲವೇ. ಮಣ್ಣಲ್ಲಿದ್ದ ಚೂರುಪಾರು ಸಾರಜನಕವೂ ಅದನ್ನು ಕೊಳೆಸುವುದಕ್ಕೇ ಹೋಯಿತು. ತೋಟ ಮಾಡುವವನಿಗೆ ಇಷ್ಟು ಗೊತ್ತಿರಬೇಕಿತ್ತು, ಅಲ್ವಾ?

ಕೂತು ಲೆಕ್ಕ ಹಾಕಿದೆ. 20 ಲೀಟರ್ ಡೀಸೆಲ್‌ನಲ್ಲಿ ಸುಮಾರು 14 ಕಿಲೋ ಇಂಗಾಲ. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಅನ್ನುವುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಅಳತೆ. ಅಂದರೆ 1.4 ಕಿಲೋ ಸಾರಜನಕ. ಯೂರಿಯಾ ಆದರೆ 3 ಕಿಲೋ. ಒಮ್ಮೆಗೇ ಸುರಿದರೆ ಬ್ಯಾಕ್ಟೀರಿಯಾಕ್ಕೇ ಏಟು. ತೋಟಕ್ಕೆ ಅಂತ ದಾವಣಗೆರೆ ಕಡೆಯಿಂದ ತರಿಸಿದ ಪ್ರೆಸ್‌ಮಡ್ ಇತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಕಪ್ಪು ಗಸಿ ಅದು. ಸಾರಜನಕ, ರಂಜಕ ಎರಡೂ ಇವೆ, ಬಿಡುವುದೂ ನಿಧಾನ. ಸಿಪ್ಪೆಯನ್ನು ಆದಷ್ಟು ಹೆಕ್ಕಿ ತೆಗೆದು 6 ಬುಟ್ಟಿ ಬೆರೆಸಿದೆ. ನಮ್ಮದು ಹುಳಿ ಮಣ್ಣು, ಸ್ವಲ್ಪ ಸುಣ್ಣವನ್ನೂ ಉದುರಿಸಿದೆ.

ಆಮೇಲೆ ಪ್ರತಿ ಭಾನುವಾರ ಮಗುಚುವುದು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಇಳಿಯಬಾರದು, ಅಷ್ಟು ತೇವ. ಎರಡು ವಾರಕ್ಕೆ ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಏಪ್ರಿಲ್‌ನಲ್ಲಿ ಅಡ್ಡಮಳೆ ಬಂತೆಂದು ನಾಲ್ಕು ದಿನ ಬಿಗಿಯಾಗಿ ಮುಚ್ಚಿದೆ. ತೆಗೆದರೆ ಕೊಳೆತ ಮೊಟ್ಟೆಯ ನಾತ! ಗಾಳಿ ಇಲ್ಲದಿದ್ದರೆ ಹೀಗೇ. ಅಡಿಕೆ ದಬ್ಬೆ ನೆಟ್ಟು ಟಾರ್ಪಾಲನ್ನು ಮಾಡಿನ ಥರ ಎತ್ತಿ ಕಟ್ಟಿದೆ.

ಪರೀಕ್ಷೆಗೆ ತೆಂಗಿನ ಗರಟೆಯಲ್ಲಿ ಇದೇ ಮಣ್ಣು ತುಂಬಿ 20 ಹೆಸರುಕಾಳು ಹಾಕುತ್ತಿದ್ದೆ. ಮಾರ್ಚ್‌ನಲ್ಲಿ ಮೊಳೆತದ್ದು 4, ಅದೂ ಬೇರು ಸುರುಟಿಕೊಂಡು. ಮೇ ಕೊನೆಗೆ 17. ಒಂದು ಹಿಡಿ ಮಣ್ಣು ಬಕೆಟ್ ನೀರಿಗೆ ಹಾಕಿದರೆ ಮೇಲೆ ಕಾಮನಬಿಲ್ಲಿನ ಬಣ್ಣವೂ ಏಳಲಿಲ್ಲ.

ಎಲ್ಲವನ್ನೂ ಬ್ಯಾಕ್ಟೀರಿಯಾವೇ ತಿಂದವು ಅನ್ನಲಾರೆ. ಒಂದು ಪಾಲು ಆವಿಯಾಗಿಯೂ ಹೋಗಿರುತ್ತದೆ, ಭಾರದ ಅಂಶ ಸ್ವಲ್ಪ ಉಳಿದೂ ಇರುತ್ತದೆ. ಹಾಗಾಗಿ ಆ ಮಣ್ಣು ತೋಟಕ್ಕೂ ಹೋಗಲಿಲ್ಲ, ತರಕಾರಿಗೂ ಹೋಗಲಿಲ್ಲ. ರಸ್ತೆ ಬದಿಯ ದಾಸವಾಳದ ಬೇಲಿಗೆ ಹೋಯಿತು. ಬ್ಯಾರಲ್ ಈಗ ಸಿಮೆಂಟ್ ತೊಟ್ಟಿಯೊಳಗೆ ನಿಂತಿದೆ.