ಪದೇ ಪದೇ ಹ್ಯಾಂಗ್ ಆಗುತ್ತಿದ್ದ ಡೆಸ್ಕ್‌ಟಾಪ್: ಫಾರ್ಮ್ಯಾಟ್ ಮಾಡದೆ ಸರಿಮಾಡಿದ್ದು

ಕಂಪ್ಯೂಟರ್ ಹ್ಯಾಂಗ್ ಆಗ್ತಿದೆ ಅಂದರೆ ಸಾಕು, ‘ಫಾರ್ಮ್ಯಾಟ್ ಹೊಡೆಸಿ’ ಅನ್ನುತ್ತಾರೆ. ನಾನು ಕೇಳಿದ ಅಂಗಡಿಯಲ್ಲೂ ಅದನ್ನೇ ಹೇಳಿದರು. ಆದರೆ ಮಗಳ ಪ್ರಾಜೆಕ್ಟ್, ಅಪ್ಪನ ಪಿಂಚಣಿ ಕಾಗದಗಳ ಸ್ಕ್ಯಾನ್, ಹಳೆಯ ಫೋಟೊಗಳು ಎಲ್ಲ ಅದರಲ್ಲೇ ಇದ್ದವು. ಕಾರಣ ತಿಳಿಯದೆ ಎಲ್ಲವನ್ನೂ ಅಳಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ಏನನ್ನೂ ಮುಟ್ಟದೆ ಸುಮ್ನೆ ಗಮನಿಸಿದೆ. ಹ್ಯಾಂಗ್ ಆದಾಗಲೂ ಮೌಸ್ ಓಡಾಡುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಹತ್ತಿ ಆರುತ್ತಿತ್ತು. ಆದರೆ ಯಾವ ಫೋಲ್ಡರೂ ತೆರೆಯುತ್ತಿರಲಿಲ್ಲ. ಕ್ಯಾಬಿನೆಟ್ ಮುಂದಿನ ಹಾರ್ಡ್ ಡಿಸ್ಕ್ ದೀಪ ಮಿನುಗದೆ ಒಂದೇ ಸಮ ಉರಿಯುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಅಷ್ಟರಲ್ಲಿ ಕ್ಲಿಕ್ ಮಾಡಿದ್ದೆಲ್ಲ ಒಟ್ಟಿಗೇ ತೆರೆದುಕೊಳ್ಳುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಸಿಪಿಯು ಬಿಡುವಾಗಿತ್ತು, ಮೆಮೊರಿಯೂ ಬೇಕಾದಷ್ಟಿತ್ತು. ಡಿಸ್ಕ್ ಮಾತ್ರ 100%. ಆದರೆ ಓದುವ, ಬರೆಯುವ ವೇಗ ಎರಡೂ ಸೊನ್ನೆ! ನಿಜಕ್ಕೂ ಕೆಲಸ ಜಾಸ್ತಿಯಾಗಿದ್ದರೆ ವೇಗ ಕಾಣಬೇಕಲ್ವಾ? ಡಿಸ್ಕ್ ಕೆಲಸ ಮಾಡುತ್ತಿಲ್ಲ, ವಿಂಡೋಸ್ ಅದಕ್ಕಾಗಿ ಕಾಯುತ್ತಿದೆ ಎಂಬ ಅನುಮಾನ ಬಂದದ್ದೇ ಆಗ.

ವಿಂಡೋಸ್ ತನ್ನಲ್ಲಿ ಆದದ್ದನ್ನು ಬರೆದಿಡುವ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ‘ಸಿಸ್ಟಮ್’ ನೋಡಿದೆ. ಅಲ್ಲಿ ಕೆಂಪು, ಹಳದಿ ಗುರುತುಗಳು ರಾಶಿ ಇರುತ್ತವೆ, ಎಲ್ಲಕ್ಕೂ ಹೆದರಬೇಕಿಲ್ಲ. ‘ಕರ್ನಲ್ ಪವರ್ 41’ ನೋಡಿ ತುಂಬ ಜನ ಗಾಬರಿಯಾಗುತ್ತಾರೆ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಅಂತಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ನಾನು ಹ್ಯಾಂಗ್ ಆದ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟು, ಆ ಹೊತ್ತಿನ ಸಾಲುಗಳನ್ನಷ್ಟೇ ಓದಿದೆ. ಪ್ರತಿ ಸಲವೂ ಅಲ್ಲಿ 129ನೇ ನಂಬರಿನ ಈವೆಂಟ್ ಇತ್ತು. ಡಿಸ್ಕ್ ಉತ್ತರ ಕೊಡದ್ದರಿಂದ ವಿಂಡೋಸ್ ಅದನ್ನು ರೀಸೆಟ್ ಮಾಡಿದೆ ಅಂತ ಅರ್ಥ.

ಕೂಡಲೇ ಬೇಕಾದ ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ಡಿಸ್ಕ್ ಮೇಲೆ ಅನುಮಾನ ಬಂದಮೇಲೆ ಬೇರೆಲ್ಲ ಕೆಲಸ ಆಮೇಲೆ.

ನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ, ಡಿಸ್ಕ್ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿದೆ. ಅದರಲ್ಲಿ ನಾನು ನೋಡಿದ್ದು ಮೂರು ಸಾಲು. 05 ಮತ್ತು ಸಿ5 ಡಿಸ್ಕ್‌ನ ಕೆಟ್ಟ ಅಥವಾ ಕೆಟ್ಟಿರಬಹುದಾದ ಸೆಕ್ಟರ್‌ಗಳ (ಡೇಟಾ ಇಡುವ ಸಣ್ಣ ಭಾಗಗಳ) ಲೆಕ್ಕ. ಎರಡೂ ಸೊನ್ನೆ ಇದ್ದವು, ಜೀವ ಬಂದಂತಾಯಿತು. ಸಿ7 ಮಾತ್ರ ದೊಡ್ಡದಿತ್ತು. ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಹೋಗಿಬರುವಾಗ ಆದ ತಪ್ಪುಗಳ ಲೆಕ್ಕ ಅದು. ಈ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ಹಾಗಾಗಿ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ. ನಮ್ಮದರಲ್ಲಿ ಪ್ರತಿ ಹ್ಯಾಂಗ್ ಆದಮೇಲೂ ಏರುತ್ತಿತ್ತು. ಅನುಮಾನ ಕೇಬಲ್ ಮೇಲೆ ಹೋಯಿತು.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಉಳಿದ ಕರೆಂಟ್ ಇಳಿಯಲಿ ಅಂತ ಪವರ್ ಬಟನ್ ಒಮ್ಮೆ ಒತ್ತಿಹಿಡಿದೆ. ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಕೆಂಪು ಸಾಟಾ ಕೇಬಲ್ ಡಿಸ್ಕ್‌ನ ಬಾಯಲ್ಲೇ ಚೂಪಾಗಿ ಮಡಚಿಕೊಂಡಿತ್ತು. ಮುಚ್ಚಳ ಹಾಕಿದಾಗಲೆಲ್ಲ ಅದನ್ನೇ ಒತ್ತುತ್ತಿತ್ತು. ತುದಿಯಲ್ಲಿ ಹಿಡಿದುಕೊಳ್ಳುವ ಲೋಹದ ಕ್ಲಿಪ್ಪೂ ಇಲ್ಲ, ಬೆರಳು ತಾಗಿದರೆ ಅಲ್ಲಾಡುತ್ತಿತ್ತು. ಕ್ಲಿಪ್ ಇರುವ ಹೊಸ ಕೇಬಲ್ ತಂದು, ‘ಟಿಕ್’ ಅನ್ನುವವರೆಗೆ ಒತ್ತಿ ಕೂರಿಸಿದೆ. ಅಂದಿನಿಂದ ಸಿ7 ನಿಂತಲ್ಲೇ ನಿಂತಿದೆ, 129 ಮತ್ತೆ ಕಂಡಿಲ್ಲ.

ನಿಮ್ಮ ಕಂಪ್ಯೂಟರ್‌ನಲ್ಲಿ ಮೌಸೂ ನಿಂತು, ಕ್ಯಾಪ್ಸ್ ಲಾಕ್ ದೀಪವೂ ಬದಲಾಗದಿದ್ದರೆ ದಾರಿ ಬೇರೆ. ಆಗ ನಾನಾದರೆ ಮೊದಲು ಫ್ಯಾನ್, ಸಿಪಿಯು ಬಿಸಿ ಇಳಿಸುವ ಹೀಟ್‌ಸಿಂಕ್‌ನ ಧೂಳು ತೆಗೆದು ಸಿಪಿಯು ಬಿಸಿ ನೋಡುತ್ತೇನೆ. ಆಮೇಲೆ ರ‍್ಯಾಮ್ (ಮೆಮೊರಿ ಪಟ್ಟಿ) ಕಳಚಿ ಮತ್ತೆ ಕೂರಿಸಿ, ರಾತ್ರಿಯಿಡೀ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸುತ್ತೇನೆ. ಅದರಲ್ಲಿ ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ನಂಬುವಂತಿಲ್ಲ.