ಕೆಂಡದ ಇಸ್ತ್ರಿಪೆಟ್ಟಿಗೆ

ನಮ್ಮ ಮನೆಯ ಅಟ್ಟದ ಮೇಲೆ ಐದು ಕಿಲೋಗೂ ಮಿಕ್ಕಿ ತೂಗುವ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆಯೊಂದಿದೆ. ಅದನ್ನು ತೊಳೆದು ಶೋಕೇಸಿನಲ್ಲಿ ಇಡೋಣವೆಂದು ಸೊಸೆ ಹೇಳುತ್ತಲೇ ಇರುತ್ತಾಳೆ. ನಾನು ಒಪ್ಪಿಲ್ಲ, ಏಕೆಂದರೆ ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ಅದಕ್ಕೆ ಕೆಂಡ ತುಂಬಿ ಬಳಸುವ ರೂಢಿಯನ್ನು ನಾನಿನ್ನೂ ಬಿಟ್ಟಿಲ್ಲ. ಮುಂಭಾಗ ದೋಣಿಯ ಮೂತಿಯಂತೆ ಚೂಪು, ಹಿಂಭಾಗ ಚಪ್ಪಟೆ. ಹಿಂದಿನ ಕೀಲಿನ ಮೇಲೆ ತೆರೆದುಕೊಳ್ಳುವ ಮುಚ್ಚಳ, ಮುಂದೆ ಒಂದು ಚಿಲಕ, ಎರಡೂ ಪಕ್ಕಗಳಲ್ಲಿ ಸಾಲಾಗಿ ಗಾಳಿಕಂಡಿಗಳು, ಮೇಲೆ ಕೈಯುಜ್ಜಿ ನುಣುಪಾದ ಮರದ ಹಿಡಿ. ಇಷ್ಟೇ ಅದರ ರಚನೆ.

‘ಇಸ್ತ್ರಿ’ ಎಂಬ ಮಾತು ಎಳೆದು ನೇರಮಾಡು ಎಂಬರ್ಥದ ಪೋರ್ಚುಗೀಸರ ‘ಎಸ್ತಿರಾರ್’ ಎಂಬ ಶಬ್ದದಿಂದ ಬಂದದ್ದೆಂದು ಭಾಷೆ ಬಲ್ಲವರು ಹೇಳುತ್ತಾರೆ. ಬಟ್ಟೆ ಇಡುವ ಅಲಮಾರು, ಅದರ ಚಾವಿ, ಇವೂ ಅದೇ ಭಾಷೆಯಿಂದ ನಮ್ಮ ಮನೆಗಳಿಗೆ ಬಂದವು. ಇಸ್ತ್ರಿಗೂ ಸ್ತ್ರೀಗೂ ನಂಟು ಕಲ್ಪಿಸಿ ತಮಾಷೆ ಮಾಡುವವರಿದ್ದಾರೆ. ಅಂಥ ನಂಟೇನೂ ಇಲ್ಲ; ನಮ್ಮ ಮನೆಯಲ್ಲಂತೂ ಆ ಕೆಲಸ ಮಾವನವರದಾಗಿತ್ತು.

ಸುಕ್ಕು ಬಿಡಿಸಲು ತೂಕ, ತೇವ, ಶಾಖ ಮೂರೂ ಬೇಕೆಂಬುದು ಜನರಿಗೆ ಬಹಳ ಹಿಂದೆಯೇ ತಿಳಿದಿತ್ತು. ಬೆಂಕಿಯನ್ನು ಎಲ್ಲಿಡಬೇಕೆಂಬುದರಲ್ಲಿ ಮಾತ್ರ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಚೀನಾದವರು ಉದ್ದ ಹಿಡಿಯ ಲೋಹದ ಬೋಗುಣಿಗೆ ಕೆಂಡ ಹಾಕಿ, ಅದರ ತಳವನ್ನು ಬಟ್ಟೆಯ ಮೇಲೆ ಆಡಿಸುತ್ತಿದ್ದರು. ಹೆಂಗಸರು ರೇಷ್ಮೆಯನ್ನು ಎರಡು ಕಡೆಯಿಂದ ಬಿಗಿಯಾಗಿ ಹಿಡಿದು ಹೀಗೆ ಇಸ್ತ್ರಿ ಮಾಡುತ್ತಿರುವ 12ನೆಯ ಶತಮಾನದ ಚಿತ್ರವೊಂದು ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ಯುರೋಪು, ಅಮೆರಿಕಗಳ ಮನೆಗಳಲ್ಲಿ ಹೆಚ್ಚಾಗಿ ನಡೆದದ್ದು ಗಟ್ಟಿ ಕಬ್ಬಿಣದ ತುಂಡನ್ನು ಒಲೆಯ ಮೇಲೆ ಕಾಯಿಸಿ ಬಳಸುವ ಪದ್ಧತಿ. ಒಂದು ಕೈಯಲ್ಲಿದ್ದರೆ ಇನ್ನೊಂದು ಒಲೆಯ ಮೇಲಿರಬೇಕು, ಹಿಡಿಯೂ ಕಬ್ಬಿಣದ್ದೇ ಆದ್ದರಿಂದ ಕೈ ಸುಡುತ್ತಿತ್ತು. 1871ರಲ್ಲಿ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬ ಅಮೆರಿಕದ ಗೃಹಿಣಿ, ಕಳಚಿ ಬೇರೊಂದಕ್ಕೆ ಸಿಕ್ಕಿಸಬಹುದಾದ ಮರದ ಹಿಡಿಗೆ ಹಕ್ಕುಪತ್ರ (ಪೇಟೆಂಟ್) ಪಡೆದರು. ಇಷ್ಟು ಸರಳವಾದುದು ಅದುವರೆಗೆ ಯಾರಿಗೂ ಹೊಳೆಯದಿದ್ದುದಕ್ಕೆ, ಅವುಗಳನ್ನು ತಯಾರಿಸುತ್ತಿದ್ದವರು ಎಂದೂ ಇಸ್ತ್ರಿ ಮಾಡದಿದ್ದುದೇ ಕಾರಣವಿರಬೇಕೆಂದು ನನ್ನ ಅನಿಸಿಕೆ.

ನಮ್ಮಲ್ಲಿ ಕೆಂಡ ಪೆಟ್ಟಿಗೆಯ ಒಳಗೇ ಕೂತಿತು. ಪಕ್ಕದಲ್ಲಿ ಒಲೆ ಉರಿಯುತ್ತಿರಬೇಕೆಂಬ ಕಟ್ಟುಪಾಡು ಇಲ್ಲದ್ದರಿಂದಲೇ ಮಡಿವಾಳರು ಹೊಂಗೆಮರದ ಕೆಳಗೆ, ಆಮೇಲೆ ಬೀದಿಬದಿಯ ತಳ್ಳುಗಾಡಿಯ ಮೇಲೆ ನಿಂತು ಈ ವೃತ್ತಿ ನಡೆಸಲು ಸಾಧ್ಯವಾಯಿತು. ಪೆಟ್ಟಿಗೆಯಿಲ್ಲದ ಮನೆಗಳಲ್ಲಿ ತಂಬಿಗೆಯೇ ಇಸ್ತ್ರಿಪೆಟ್ಟಿಗೆ. ಹಿತ್ತಾಳೆ ತಂಬಿಗೆಗೆ ಒಲೆಯ ಕೆಂಡ ತುಂಬಿ, ಕಂಠವನ್ನು ದಪ್ಪ ಬಟ್ಟೆಯಿಂದ ಹಿಡಿದು ಅಂಗಿಯ ಕಾಲರನ್ನಷ್ಟೇ ಉಜ್ಜಿಕೊಂಡು ಶಾಲೆಗೆ ಓಡುತ್ತಿದ್ದೆವು. ಚಡ್ಡಿ, ಲಂಗಗಳನ್ನು ಮಡಚಿ ರಾತ್ರಿ ಹಾಸಿಗೆಯಡಿ ಇಟ್ಟರೆ ಸಾಕಾಗುತ್ತಿತ್ತು.

ವಿದ್ಯುತ್ ಇಸ್ತ್ರಿಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಲ್ಲೇ ಹಕ್ಕುಪತ್ರ ಪಡೆದಿದ್ದರು, ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬಂತು. ಆದರೂ ಹಳ್ಳಿಮನೆಗಳಲ್ಲಿ ಕೆಂಡದ ಪೆಟ್ಟಿಗೆ ಬಹುಕಾಲ ಉಳಿಯಿತು. 1000 ವಾಟಿನ ಒಂದು ಇಸ್ತ್ರಿಪೆಟ್ಟಿಗೆ ಎಳೆಯುವ ವಿದ್ಯುತ್ತಿನಲ್ಲಿ 40 ವಾಟಿನ 25 ಬಲ್ಬುಗಳನ್ನು ಉರಿಸಬಹುದೆಂದರೆ, ನಾಲ್ಕು ದೀಪಕ್ಕೆ ಮಾತ್ರ ವೈರು ಎಳೆಸಿದ್ದ ಮನೆಯಲ್ಲಿ ಅದಕ್ಕೆ ಜಾಗವೆಲ್ಲಿರುತ್ತದೆ?

ಇನ್ನು ಬಳಕೆಯ ಮಾತು. ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆಯಾದ್ದರಿಂದ ಇದ್ದಿಲಿಗೆ ಕರಟಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅದು ಹೆಚ್ಚು ಕಾವು ಕೊಡುತ್ತದೆ, ಕಡಿಮೆ ಹೊಗೆಯಾಡುತ್ತದೆ. ಇದ್ದಿಲನ್ನು ಪೆಟ್ಟಿಗೆಯೊಳಗೇ ಹೊತ್ತಿಸಬಾರದು; ಅಗ್ಗಿಷ್ಟಿಕೆಯಲ್ಲಿ ಹೊತ್ತಿಸಿ, ಕೆಂಡದ ಮೇಲೆ ಬೂದಿಯ ತೆಳುಪೊರೆ ಕಟ್ಟಿದ ಮೇಲೆ ಇಕ್ಕಳದಿಂದ ಎತ್ತಿ ಪೆಟ್ಟಿಗೆಯ ಮುಕ್ಕಾಲು ಭಾಗ ತುಂಬಬೇಕು. ಕಾವು ಇಳಿದಾಗ ಗಾಳಿ ಹಾಕುವುದಿದ್ದರೆ ಬಟ್ಟೆಯಿಂದ ಹತ್ತು ಹೆಜ್ಜೆ ದೂರ ಹೋಗಿ ಹಾಕಬೇಕು. ಮದುವೆಯಾದ ಹೊಸದರಲ್ಲಿ ಈ ಮಾತು ಮರೆತು, ಮಾವನವರ ಜರಿಯಂಚಿನ ಪಂಚೆಯ ಮೇಲೆಯೇ ಬೀಸಣಿಗೆ ಬೀಸಿದೆ. ಕಂಡಿಯಿಂದ ಹಾರಿದ ಒಂದೇ ಕಿಡಿ ಸಾಸಿವೆ ಗಾತ್ರದ ತೂತು ಮಾಡಿತು. ಅವರು ಏನೂ ಅನ್ನಲಿಲ್ಲ. ಆ ತೂತು ಒಳಮಡಿಕೆಗೆ ಸೇರುವಂತೆ ಪಂಚೆ ಉಡುವುದನ್ನು ಕಲಿತುಕೊಂಡರು.

ಪೆಟ್ಟಿಗೆಯ ತಳವನ್ನು ಮೊದಲು ಒದ್ದೆ ಗೋಣಿತಟ್ಟಿನ ಮೇಲೆ, ಆಮೇಲೆ ಹಸಿ ಬಾಳೆಎಲೆಯ ಮೇಲೆ ಒಮ್ಮೆ ಎಳೆಯಿರಿ. ಎಲೆಯ ಮೇಣ ತಳಕ್ಕೆ ತೆಳುವಾಗಿ ಹತ್ತಿ, ಗಂಜಿ ಹಾಕಿದ ಬಟ್ಟೆಯ ಮೇಲೂ ಪೆಟ್ಟಿಗೆ ಅಂಟದೆ ಜಾರುತ್ತದೆ. ಬೆರಳಿಂದ ಒಂದು ಹನಿ ನೀರು ಚಿಮುಕಿಸಿದಾಗ ಅದು ಹರಡಿಕೊಂಡು ನಿಧಾನವಾಗಿ ಆರಿದರೆ ಕಾವು ಸಾಲದು, ಚುಯ್ಯೆಂದು ಮುತ್ತಿನಂತೆ ಉರುಳಿ ಓಡಿದರೆ ದಪ್ಪ ಹತ್ತಿಬಟ್ಟೆಗೆ ಹದವಾಗಿದೆ. ಗಂಜಿ ಹಾಕಿ ಒಣಗಿಸಿದ ಸೀರೆಗೆ ನೀರು ಚಿಮುಕಿಸಿ, ಸುರುಳಿ ಸುತ್ತಿ ಅರ್ಧ ಗಂಟೆ ಬಿಟ್ಟರೆ ತೇವ ಎಲ್ಲೆಡೆ ಸಮವಾಗಿ ಹರಡಿಕೊಳ್ಳುತ್ತದೆ.

ಕೆಂಡದ ಪೆಟ್ಟಿಗೆಗೆ ಕಾವು ಏರಿಸಿ ಇಳಿಸುವ ತಿರುಪು ಇಲ್ಲವಾದ್ದರಿಂದ ಬಟ್ಟೆಗಳ ಸರದಿಯನ್ನು ನಾವೇ ನಿರ್ಧರಿಸಬೇಕು. ಕಾವು ಜೋರಿರುವಾಗ ಪಂಚೆ, ಹತ್ತಿಸೀರೆ. ಇಳಿಯತೊಡಗಿದಾಗ ಟೆರಿಕಾಟ್ ಅಂಗಿಗಳು. ಕೊನೆಯಲ್ಲಿ ರೇಷ್ಮೆ, ಅದೂ ಮೇಲೊಂದು ತೆಳು ಹತ್ತಿಬಟ್ಟೆ ಹಾಸಿ. ವಿದ್ಯುತ್ತಿನ ಪೆಟ್ಟಿಗೆ ಬಳಸುವವರು ಈ ಕ್ರಮವನ್ನು ತಿರುಗಿಸಬೇಕು, ಏಕೆಂದರೆ ಅದು ಬೇಗ ಕಾಯುತ್ತದೆ, ಆರುವುದು ಮಾತ್ರ ತಡ. ಉಡುಪಿನ ಒಳಗೆ ಹೊಲಿದ ಪಟ್ಟಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಚಿತ್ರದಲ್ಲಿ ಒಂದು ಚುಕ್ಕಿಯಿದ್ದರೆ 110, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಅರ್ಥ. ಒಂದು ಚುಕ್ಕಿಯ ಬಟ್ಟೆಯಿಂದ ಆರಂಭಿಸಿದರೆ ಸುಟ್ಟ ಕಲೆಯ ಭಯವಿರುವುದಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಪೆಟ್ಟಿಗೆ ಬಳಸಲೇಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವೆಂದು ಮಲಗಿದವರು ಏಳದೆ ಹೋಗಬಹುದು. ಜಗಲಿ ಅಥವಾ ಹಿತ್ತಲೇ ಅದಕ್ಕೆ ತಕ್ಕ ಜಾಗ.

ಕೆಲಸ ಮುಗಿದ ಮೇಲೆ ಕೆಂಡಕ್ಕೆ ಪೆಟ್ಟಿಗೆಯಲ್ಲೇ ನೀರು ಹೊಯ್ಯಬೇಡಿ, ಕಾದ ಲೋಹ ಸೀಳುವ ಸಂಭವವಿದೆ. ಕೆಂಡವನ್ನು ಮಡಕೆಗೆ ಸುರಿದು ಬಾಯಿ ಮುಚ್ಚಿಟ್ಟರೆ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕಾಗುತ್ತದೆ. ತಣ್ಣಗಾದ ಪೆಟ್ಟಿಗೆಯ ಬೂದಿಯನ್ನು ಪೂರ್ತಿ ಕೊಡವಿ ತೆಗೆಯಬೇಕು, ಮಳೆಗಾಲದಲ್ಲಿ ಅದು ತೇವ ಹೀರಿ ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದಿದ್ದರೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಹುಳಿಯ ಅಂಶ ಉಳಿಯದಂತೆ ತೊಳೆದು ಬಿಸಿಲಿಗಿಡಿ. ನಿಮ್ಮದು ಕಬ್ಬಿಣದ್ದಾದರೆ ನೀರು ತಾಗಿಸದೆ ಒಣಬಟ್ಟೆಯಿಂದ ಒರೆಸಿ ಕೊಬ್ಬರಿ ಎಣ್ಣೆ ಸವರಿಡಿ, ಮುಂದಿನ ಬಾರಿ ಕೆಂಡ ತುಂಬಿದೊಡನೆ ಆ ಎಣ್ಣೆಯನ್ನು ಹಳೆಯ ಬಟ್ಟೆಯ ಮೇಲೆ ಉಜ್ಜಿ ತೆಗೆಯಲು ಮರೆಯಬೇಡಿ.