ಡಬ್ಬಿಯಲ್ಲಿ ಪೆನ್ಸಿಲ್ ತುಂಬಿರಬೇಕು

ಸಂಜೆ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಏಳು ವರ್ಷದ ಹುಡುಗನೊಬ್ಬ ದಿನಾ ಮೂರು ಪೆನ್ಸಿಲ್ ಚಡ್ಡಿಯ ಎಲಾಸ್ಟಿಕ್‌ಗೆ ಸಿಕ್ಕಿಸಿಕೊಂಡು ಕೂರುತ್ತಿದ್ದ. ಮೇಲೆ ಅಂಗಿ ಇಳಿಬಿಟ್ಟು ಮುಚ್ಚಿಕೊಳ್ಳುತ್ತಿದ್ದ. ಪಕ್ಕದವಳು ಕೇಳಿದರೆ 'ನನ್ನತ್ರ ಇಲ್ಲ' ಅನ್ನುತ್ತಿದ್ದ. ನಾನು ಆಗ ಈ ಕೆಲಸಕ್ಕೆ ಹೊಸಬಳು. ಎಲ್ಲರ ಎದುರಿಗೆ ನಿಲ್ಲಿಸಿ, ಹಂಚಿಕೊಳ್ಳುವುದು ಎಷ್ಟು ಒಳ್ಳೆಯದು ಅಂತ ಹೇಳಿ, ಒಂದು ಪೆನ್ಸಿಲ್ ಅವಳಿಗೆ ಕೊಡಿಸಿದೆ. ಮರುದಿನ ಅವನ ಸೊಂಟದಲ್ಲಿ ನಾಲ್ಕು ಪೆನ್ಸಿಲ್ ಇದ್ದವು.

ಅವನು ಇದ್ದದ್ದು ಒಂದೇ ಕೋಣೆಯಲ್ಲಿ, ಎಂಟು ಜನರ ನಡುವೆ. ಅಲ್ಲಿ ಕೆಳಗಿಟ್ಟ ವಸ್ತು ಮತ್ತೆ ಕೈಗೆ ಸಿಗುವ ಖಾತರಿ ಇರಲಿಲ್ಲ. ಬಚ್ಚಿಡುವುದು ಅವನು ಕಲಿತ ಬುದ್ಧಿ, ಅವನ ದೋಷ ಅಲ್ಲ. ನನಗೆ ಇದು ಅರ್ಥವಾಗಲು ತಿಂಗಳುಗಳೇ ಹಿಡಿದವು. ಆಮೇಲೆ ಉಪದೇಶ ನಿಲ್ಲಿಸಿ ಒಂದೇ ಒಂದು ಕೆಲಸ ಮಾಡಿದೆ. ಮಕ್ಕಳು ಬರುವ ಮೊದಲೇ ಪೆನ್ಸಿಲ್ ಡಬ್ಬಿ ತುಂಬಿಸಿ, ದಿನಾ ಅದೇ ಕಿಟಕಿಯ ಕೆಳಗೆ ಇಡತೊಡಗಿದೆ. ಎಷ್ಟು ಹೋಯಿತು ಅಂತ ಲೆಕ್ಕ ಹಾಕುತ್ತಿರಲಿಲ್ಲ, ಯಾರನ್ನೂ ಕೇಳುತ್ತಿರಲಿಲ್ಲ. ಮೊದಮೊದಲು ಡಬ್ಬಿ ಬೇಗ ಖಾಲಿಯಾಗುತ್ತಿತ್ತು. ಜೊತೆಗೆ ಕೆಲಸ ಮಾಡುವವರು ಬೇಸರಪಟ್ಟುಕೊಂಡರು. ನಾನು ಪಟ್ಟು ಬಿಡಲಿಲ್ಲ. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಹೋಗುವುದು ಕಡಿಮೆಯಾಯಿತು. ಒಂದು ಸಂಜೆ ಅದೇ ಹುಡುಗ ತನ್ನ ರಬ್ಬರನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿದ. ದೊಡ್ಡ ತುಂಡನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದುಕೊಂಡಿದ್ದು, ಪಕ್ಕದವಳ ಪುಸ್ತಕದ ಮೇಲೆ ತಳ್ಳಿದ. ನನ್ನ ಕಡೆ ನೋಡಲಿಲ್ಲ. ನಾನೂ ಏನೂ ಹೇಳಲಿಲ್ಲ.

ಸುಮ್ಮನಿರುವುದನ್ನು ನಾನು ಕಲಿತದ್ದು ಒಂದು ದೊಡ್ಡ ತಪ್ಪಿನಿಂದ. ಅದಕ್ಕೂ ಮೊದಲು ಗೋಡೆಗೆ ನಕ್ಷತ್ರದ ಚಾರ್ಟ್ ಹಾಕಿದ್ದೆ. ಸಹಾಯ ಮಾಡಿದವರಿಗೆ ಒಂದು ನಕ್ಷತ್ರ, ಹತ್ತಾದರೆ ಒಂದು ನೋಟ್‌ಬುಕ್. ಮೊದಲ ವಾರ ಕೋಣೆಯೇ ಬದಲಾದಂತೆ ಕಂಡಿತು. ಮೂರನೇ ವಾರಕ್ಕೆ, ಬಿದ್ದ ಚೀಲ ಎತ್ತಿಕೊಡಲು ಇಬ್ಬರು ಕಿತ್ತಾಡಿ ಚೀಲದ ಪಟ್ಟಿಯೇ ಹರಿಯಿತು. ಪುಟ್ಟ ಹುಡುಗಿಯೊಬ್ಬಳು ಬಿದ್ದು ಅಳುತ್ತಿದ್ದ ಗೆಳತಿಯ ಕೈ ಹಿಡಿದುಕೊಂಡೇ ನನ್ನತ್ತ ತಿರುಗಿ, 'ಅಕ್ಕಾ, ನೋಡಿದ್ರಾ?' ಅಂದಳು. ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ. ಅವಳ ಕಣ್ಣು ಗೆಳತಿಯ ಮೇಲಿರಬೇಕಾದ ಹೊತ್ತಿನಲ್ಲಿ ನನ್ನ ಮೇಲಿತ್ತು. ಹಾಗೆ ಮಾಡಿದವಳು ನಾನೇ.

ಮನಶ್ಶಾಸ್ತ್ರಜ್ಞರಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ ಪುಟ್ಟ ಮಕ್ಕಳೊಂದಿಗೆ ಮಾಡಿದ ಪ್ರಯೋಗಗಳ ಬಗ್ಗೆ ಓದಿದ್ದು ಆಮೇಲೆ. 2006ರಲ್ಲಿ ಪ್ರಕಟವಾದದ್ದರಲ್ಲಿ 18 ತಿಂಗಳ 24 ಮಕ್ಕಳಿದ್ದರು. ಅಪರಿಚಿತ ದೊಡ್ಡವರ ಕೈಯಿಂದ ಬಟ್ಟೆ ಕ್ಲಿಪ್ ಬಿದ್ದರೆ ಎತ್ತಿಕೊಡುವುದು, ಕೈತುಂಬ ಸಾಮಾನು ಹಿಡಿದವರಿಗೆ ಬೀರುವಿನ ಬಾಗಿಲು ತೆರೆದುಕೊಡುವುದು, ಇಂಥ ಸಹಾಯವನ್ನು 22 ಮಕ್ಕಳು ಒಮ್ಮೆಯಾದರೂ ಮಾಡಿದರು. ಬಹುಮಾನ ಇರಲಿಲ್ಲ, ಶಹಬ್ಬಾಸ್‌ಗಿರಿಯೂ ಇರಲಿಲ್ಲ. 2008ರ ಪ್ರಯೋಗದಲ್ಲಿ 20 ತಿಂಗಳ ಮಕ್ಕಳಿಗೆ ಸಹಾಯಕ್ಕೆ ಪ್ರತಿಯಾಗಿ ವಸ್ತು ಕೊಟ್ಟು ನೋಡಿದರು. ಬಹುಮಾನ ಪಡೆದ ಮಕ್ಕಳು ಆಮೇಲೆ, ಏನೂ ಪಡೆಯದವರಿಗಿಂತ ಕಡಿಮೆ ಸಹಾಯ ಮಾಡಿದರು. ಓದಿದ ಮರುದಿನ ಚಾರ್ಟ್ ಇಳಿಸಿದೆ. ಈಗ ಆದದ್ದನ್ನು ಆದಂತೆ ಹೇಳುತ್ತೇನೆ, ಅಷ್ಟೇ. 'ನೀನು ಚೀಲ ಎತ್ತಿಟ್ಟೆ, ಅವನ ಪುಸ್ತಕ ನೆನೀಲಿಲ್ಲ.'

ಹೊಡೆದಾಟಕ್ಕೂ ಇದೇ ದಾರಿ. ಸಾರಿ ಹೇಳಿಸುವುದನ್ನು ಬಿಟ್ಟಿದ್ದೇನೆ. ಹೊಡೆದವನ ಪಕ್ಕ ಕೂತು, ಉಸಿರು ಹದಕ್ಕೆ ಬಂದ ಮೇಲೆ, 'ಅವನ ಮುಖ ಹೇಗಿತ್ತು? ಈಗ ಏನು ಮಾಡಿದರೆ ಸರಿಹೋಗುತ್ತೆ?' ಅಂತ ಕೇಳುತ್ತೇನೆ. ಕೆಲವರು ಉತ್ತರ ಕೊಡುತ್ತಾರೆ. ಕೆಲವರಿಗೆ ವರ್ಷವೇ ಬೇಕಾಗುತ್ತದೆ.

ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರ ಅಧ್ಯಯನದ ಪರಿಚಯ ಈ ಕೆಲಸದಲ್ಲಿರುವ ಅನೇಕರಿಗೆ ಇರುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಕೆಲಸ ಅದು. ಬಡತನ, ಮನೆಯ ಕಲಹ, ತಂದೆತಾಯಿಯ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟಗಳು ಒಟ್ಟಿಗೆ ಬಂದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ಆತ್ಮವಿಶ್ವಾಸದ, ಇನ್ನೊಬ್ಬರ ಕಾಳಜಿ ಮಾಡುವ ವಯಸ್ಕರಾದರು. ಅಂಥವರಿಗೆ ಕೈಬಿಡದ ಒಬ್ಬ ದೊಡ್ಡವರಾದರೂ ಇದ್ದರು. ಅದು ಅಜ್ಜಿ ಇರಬಹುದು, ಟೀಚರ್ ಇರಬಹುದು. ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥ, ಮನೆಗೆ ನಿಜವಾಗಿಯೂ ಬೇಕಾದ ಜವಾಬ್ದಾರಿಯೂ ಹಲವರಿಗೆ ಇತ್ತು.

ಈ ಕೊನೆಯ ಮಾತನ್ನು ನಾನು ಅರ್ಧಂಬರ್ಧ ಅರ್ಥ ಮಾಡಿಕೊಂಡಿದ್ದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಿದ್ದಳು. 'ಎಷ್ಟು ಜವಾಬ್ದಾರಿ ನೋಡಿ' ಅಂತ ಬಂದವರಿಗೆಲ್ಲ ತೋರಿಸುತ್ತಿದ್ದೆ. ಒಂದು ದಿನ ಮಗು ಮುಗ್ಗರಿಸಿ ಅಳತೊಡಗಿತು. ಅವಳು ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ತೆರೆದೇ ಇತ್ತು, ಏಳಲಿಲ್ಲ. ಬೈಯಲು ಹೋದವಳು ಅವಳ ಮುಖ ನೋಡಿ ಸುಮ್ಮನಾದೆ. ಕೊಟ್ಟೂ ಕೊಟ್ಟೂ ಬರಿದಾದ ಮುಖ ಅದು. ಆ ವಾರವೇ ಪುಟ್ಟ ಮಕ್ಕಳಿಗೆ ಒಂದು ಮೂಲೆ ಮಾಡಿದೆವು. ದೊಡ್ಡ ಮಕ್ಕಳು ಇಬ್ಬಿಬ್ಬರಾಗಿ ಸರದಿಯ ಮೇಲೆ ನೋಡಿಕೊಳ್ಳುವುದು ಅಂತಾಯಿತು. ಅವಳಿಗೆ ಮಾತ್ರ ಸರದಿ ಇಲ್ಲ, ಆಟ ಮಾತ್ರ. ಎಷ್ಟೋ ವಾರ ಅವಳು ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ದಿನ ತಾನಾಗಿ ಬಂದು ಮೂಲೆಯಲ್ಲಿ ಕೂತು, ಬೇರೆ ಯಾರದೋ ಮಗುವಿಗೆ ಗುಂಡಿ ಹಾಕಿಕೊಟ್ಟಳು.

'ಬಡ ಮಕ್ಕಳ ಮನಸ್ಸು ಹುಟ್ಟಾ ದೊಡ್ಡದು' ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಇಂಥ ಮಕ್ಕಳಿಗೆ ದಯೆಯೇ ಗೊತ್ತಿಲ್ಲ ಅನ್ನುವವರ ಮೇಲಿನಷ್ಟೇ ಸಿಟ್ಟು. ಮಕ್ಕಳಲ್ಲಿ ಕೊಡುವ ಮನಸ್ಸು ಇದ್ದೇ ಇದೆ. ಕೊಟ್ಟರೆ ತಾನು ಖಾಲಿಯಾಗುವುದಿಲ್ಲ ಅನ್ನುವ ನಂಬಿಕೆ ಮಾತ್ರ ಹೊರಗಿನಿಂದ ಬರಬೇಕು, ಅದೂ ದಿನಾ ಬರಬೇಕು. ಅದಕ್ಕೇ ಎರಡು ತಿಂಗಳಿಗೆ ಅಂತ ಬರುವ ಸ್ವಯಂಸೇವಕರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಕನಿಷ್ಠ ಒಂದು ವರ್ಷ ಇರಬೇಕು. ಹೊರಡುವ ದಿನವನ್ನು ಮಕ್ಕಳಿಗೆ ಮೊದಲೇ ಹೇಳಬೇಕು.

ಹೋದ ವಾರ ಹೊಸದಾಗಿ ಬಂದ ಹುಡುಗಿ ಸೀಮೆಸುಣ್ಣದ ತುಂಡುಗಳನ್ನು ಚಾಪೆಯ ಕೆಳಗೆ ಸೇರಿಸುತ್ತಿದ್ದಾಳೆ. ಹಳೆಯ ಇಬ್ಬರು ಮಕ್ಕಳು ಅದನ್ನು ಕಂಡರು, ನನ್ನ ಮುಖ ನೋಡಿದರು. ಚಾಡಿ ಹೇಳಲಿಲ್ಲ. ಒಬ್ಬ ಎದ್ದು ಹೋಗಿ ಡಬ್ಬಿಗೆ ಇನ್ನೊಂದು ಹಿಡಿ ಸೀಮೆಸುಣ್ಣ ತುಂಬಿಸಿದ.